ಮಿಷನ್ ಆಸ್ಪತ್ರೆಯ ಮೇಲ್ವಿಚಾರಣೆ: ತಿದ್ದುವ ಮಾತನ್ನು ಎಲ್ಲಿ ಆಡಬೇಕು, ಯಾರ ಮುಂದೆ?

ಮಲೆನಾಡ_ಸಿಸ್ಟರ್ (ಪ್ರಶ್ನೆ)

ಎಲ್ಲರಿಗೂ ವಂದನೆಗಳು. ಮುಂದಿನ ತಿಂಗಳಿಂದ ಒಂದು ಮಿಷನ್ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಜವಾಬ್ದಾರಿ ನನ್ನದು. ಸ್ಟಾಫ್ ನರ್ಸ್, ಆಯಾ, ವಾರ್ಡ್ ಬಾಯ್ ಸೇರಿ ಸುಮಾರು 45 ಜನ. ಅರ್ಧದಷ್ಟು ಕ್ರೈಸ್ತರು, ಉಳಿದವರು ಅಲ್ಲ. ನರ್ಸ್‌ಗಳಲ್ಲಿ ಹೆಚ್ಚಿನವರ ಮನೆಮಾತು ಮಲಯಾಳ, ಆಯಾಗಳದು ಕನ್ನಡ.

ಮೂರು ವಿಷಯ ಕೇಳಬೇಕಿತ್ತು. ಸಿಬ್ಬಂದಿಯ ತಪ್ಪು ತಿದ್ದುವಾಗ ಮತ್ತಾಯ 18ರ ಕ್ರಮ ಅನುಸರಿಸಿ ಎಂದು ಆಡಳಿತ ಮಂಡಳಿಯ ಸೂಚನೆ ಇದೆ. ವಾರ್ಡ್‌ನಲ್ಲಿ ಅದು ಹೇಗೆ ನಡೆಯುತ್ತದೆ? ಎರಡನೆಯದು, ಡ್ಯೂಟಿ ಪಟ್ಟಿ ಬದಲಾವಣೆಯಂಥ ಯಾರಿಗೂ ಹಿಡಿಸದ ನಿರ್ಧಾರವನ್ನು ತಿಳಿಸುವ ಬಗೆ. ಮೂರನೆಯದು, ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಅಲ್ಲೇ ನಿಂತು ಹಿಂದಿನ ದಿನದ ತಪ್ಪುಗಳನ್ನು ಹೇಳುವ ರೂಢಿ ಇಲ್ಲಿದೆ. ಮುಂದುವರಿಸಬಹುದೇ?

ವಚನಗಳು ಗೊತ್ತು, ದಯವಿಟ್ಟು ವಿಧಾನ ಹೇಳಿ.

---

ನೈಟ್_ರೌಂಡ್ಸ್

ಮೂರನೆಯದಕ್ಕೆ ಮೊದಲು ಉತ್ತರ: ನಿಲ್ಲಿಸಿ, ಮೊದಲ ದಿನದಿಂದಲೇ. ಕಾರಣ ಕೊನೆಗೆ ಹೇಳುತ್ತೇನೆ.

ಮತ್ತಾಯ 18:15–17 ಹೇಳುವುದು ಒಬ್ಬ ಸಹೋದರ ಇನ್ನೊಬ್ಬನಿಗೆ ತಪ್ಪು ಮಾಡಿದಾಗ ಏನು ಮಾಡಬೇಕೆಂದು: ಮೊದಲು ಒಬ್ಬರೇ ಇದ್ದಾಗ ತಿಳಿಸಿ, ಕೇಳದಿದ್ದರೆ ಒಂದಿಬ್ಬರನ್ನು ಕರೆದುಕೊಂಡು ಹೋಗಿ, ಆಗಲೂ ಕೇಳದಿದ್ದರೆ ಸಭೆಗೆ ಹೇಳಿ. ವಾರ್ಡ್‌ನ ಹೆಚ್ಚಿನ ತಪ್ಪುಗಳು ಆ ಜಾತಿಯವೇ ಅಲ್ಲ. ರಾತ್ರಿ 10ರ ಆಂಟಿಬಯೋಟಿಕ್ ಡೋಸ್ ತಪ್ಪಿಹೋದರೆ ಅದು ಪಾಪವಲ್ಲ, ಘಟನೆ. ಮೊದಲು ರೋಗಿಯನ್ನು ನೋಡಬೇಕು, ಡ್ಯೂಟಿ ಡಾಕ್ಟರಿಗೆ ತಿಳಿಸಬೇಕು, ಇನ್ಸಿಡೆಂಟ್ ರಿಪೋರ್ಟ್ ಬರೆಯಬೇಕು. ಅದನ್ನು 'ಒಬ್ಬರೇ ಇದ್ದಾಗ ಬುದ್ಧಿ ಹೇಳಿ ಮುಗಿಸಿದೆ' ಎಂದು ಬಿಟ್ಟರೆ ಅದೇ ತಪ್ಪು ಮುಂದಿನ ವಾರ ಬೇರೆ ಶಿಫ್ಟ್‌ನಲ್ಲಿ ಮರುಕಳಿಸುತ್ತದೆ, ಏಕೆಂದರೆ ಕಾರಣ ಆ ನರ್ಸ್‌ನಲ್ಲಿ ಇಲ್ಲದಿರಬಹುದು. ಚಾರ್ಟ್ ಎರಡು ಕಡೆ ಇಟ್ಟಿರಬಹುದು, ಫಾರ್ಮಸಿಯಿಂದ ಔಷಧಿ ತಡವಾಗಿರಬಹುದು, ಒಬ್ಬಳೇ 14 ಹಾಸಿಗೆ ನೋಡುತ್ತಿದ್ದಿರಬಹುದು.

ಮತ್ತಾಯ 18ರ ಮೊದಲ ಹೆಜ್ಜೆ ಹೊಂದುವುದು ನಡತೆಯ ವಿಷಯಕ್ಕೆ. ಆಯಾ ಮೇಲೆ ರೇಗಿದ್ದು, ಪದೇ ಪದೇ ತಡವಾಗಿ ಬರುವುದು, ರೋಗಿಯ ಕಡೆಯವರೊಂದಿಗೆ ಒರಟು ಮಾತು, ಇಂಥವು. ಅಂಥ ಮಾತುಕತೆಗೆ 10ರಿಂದ 15 ನಿಮಿಷ ಸಾಕು. ಅದಕ್ಕಿಂತ ಉದ್ದವಾದರೆ ಹಳೆಯ ಲೆಕ್ಕಗಳು ಈಚೆ ಬರತೊಡಗುತ್ತವೆ.

ಮಾತಿಗೆ ಮುಂಚೆ ಹಾಜರಿ ಪುಸ್ತಕ, ಚಾರ್ಟ್, ದೂರು ಏನಿದೆಯೋ ಅದನ್ನು ನೀವೇ ಕಣ್ಣಾರೆ ನೋಡಿ. ನೆಹೆಮೀಯನು ಯೆರೂಸಲೇಮಿಗೆ ಬಂದು ಮೂರು ದಿನ ಇದ್ದು, ರಾತ್ರಿ ಎದ್ದು ಗೋಡೆಯನ್ನು ಸುತ್ತಿ ನೋಡಿ, ಆಮೇಲೆ ಅಧಿಕಾರಿಗಳೊಂದಿಗೆ ಬಾಯಿಬಿಟ್ಟ (ನೆಹೆಮೀಯ 2:11–17). 'ಎಲ್ಲರೂ ಹೇಳುತ್ತಿದ್ದಾರೆ' ಎಂಬುದು ಪುರಾವೆಯಲ್ಲ.

ಒಂದು ಸಲಕ್ಕೆ ಒಂದೇ ವಿಷಯ. ಕಂಡದ್ದನ್ನು ಹೇಳಿ, ಪ್ರಶ್ನೆ ಕೇಳಿ, ಸುಮ್ಮನಿರಿ: 'ಸಿಸ್ಟರ್, ಈ ವಾರ ಸೋಮವಾರ, ಬುಧವಾರ, ಗುರುವಾರ ಹ್ಯಾಂಡೋವರ್ ಮುಗಿದ ಮೇಲೆ ಬಂದಿದ್ದೀರಿ. ಏನಾಗುತ್ತಿದೆ?' (ಹ್ಯಾಂಡೋವರ್ ಎಂದರೆ ಶಿಫ್ಟ್ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವುದು.) ಉತ್ತರ ಬರುವ ತನಕ ಕಾಯಿರಿ. ಸಂಗತಿಯನ್ನು ಕೇಳಿಸಿಕೊಳ್ಳುವ ಮೊದಲೇ ಉತ್ತರ ಕೊಡುವವನು ಮೂರ್ಖ ಎನ್ನುತ್ತದೆ ಜ್ಞಾನೋಕ್ತಿ 18:13. ಬಸ್ಸಿನ ಸಮಯ ಬದಲಾಗಿರಬಹುದು, ಮನೆಯಲ್ಲಿ ಮಗುವಿಗೆ ಜ್ವರವಿರಬಹುದು, ಬರೀ ಉದಾಸೀನವೂ ಇರಬಹುದು. ಮೂರಕ್ಕೂ ನಿಮ್ಮ ಮುಂದಿನ ಮಾತು ಬೇರೆ ಬೇರೆ.

ನಂತರ ನಿಯಮ ಏನು, ಅದು ತಪ್ಪಿದರೆ ಯಾರಿಗೆ ತೊಂದರೆ ಎಂದು ಎರಡು ವಾಕ್ಯದಲ್ಲಿ ಹೇಳಿ. ಇನ್ನು ಮುಂದೆ ಏನು ಎಂಬುದನ್ನು ಅವರ ಬಾಯಿಂದಲೇ ಬರಿಸಿ. ಎರಡು ವಾರದ ನಂತರದ ಒಂದು ತಾರೀಖು ಗುರುತು ಹಾಕಿ. ಅಂದೇ ನಿಮ್ಮ ಡೈರಿಯಲ್ಲಿ ತಾರೀಖು, ವಿಷಯ, ಅವರ ಉತ್ತರ, ಒಪ್ಪಂದ ಎಂದು ನಾಲ್ಕು ಸಾಲು ಬರೆಯಿರಿ. ಗೊತ್ತು ಮಾಡಿದ ದಿನ ಸುಧಾರಣೆ ಕಂಡರೆ ಅದನ್ನೂ ಬಾಯಿಬಿಟ್ಟು ಹೇಳಬೇಕು. ಇದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ತಪ್ಪಿದಾಗ ಮಾತ್ರ ಕರೆಯುವ ಕೋಣೆಯ ಕಡೆ ಯಾರೂ ತಾವಾಗಿ ಬರುವುದಿಲ್ಲ.

ಆಡಲೇಬಾರದ ಮಾತುಗಳು: 'ನೀವು ಯಾವಾಗಲೂ ಹೀಗೇ', 'ಇವತ್ತು ಯಾರೋ ನಿಮ್ಮ ಬಗ್ಗೆ ಹೇಳಿದರು', ಇವೆಲ್ಲಕ್ಕಿಂತ ಕೆಟ್ಟದ್ದು 'ಕ್ರೈಸ್ತರಾಗಿ ಹೀಗೆ ಮಾಡೋದಾ?' ಕೊನೆಯದು ತಡವಾಗಿ ಬಂದದ್ದನ್ನು ಬಿಟ್ಟು ಅವರ ನಂಬಿಕೆಯನ್ನೇ ಕಟಕಟೆಗೆ ಹತ್ತಿಸುತ್ತದೆ. ಪಕ್ಕದಲ್ಲಿ ಕ್ರೈಸ್ತರಲ್ಲದ ಸಿಬ್ಬಂದಿ ಇದ್ದರೆ, 'ನಮಗೆ ಬೇರೆ ಅಳತೆ' ಎಂದು ಅವರಿಗೂ ಕೇಳಿಸುತ್ತದೆ.

'ಒಬ್ಬರೇ ಇದ್ದಾಗ' ಎಂಬ ಮಾತಿನ ಬಗ್ಗೆ ಎಚ್ಚರ. ಆ ವಾಕ್ಯದಲ್ಲಿರುವುದು ಇಬ್ಬರು ಸಹೋದರರು, ಸರಿಸಮರು. ನಿಮ್ಮ ಕೈಯಲ್ಲಿ ಡ್ಯೂಟಿ ಪಟ್ಟಿ, ರಜೆ, ಇನ್‌ಕ್ರಿಮೆಂಟ್ ಎಲ್ಲ ಇದೆ. ಬಾಗಿಲು ಮುಚ್ಚಿದ ಕೋಣೆ 22 ವರ್ಷದ ಹೊಸ ನರ್ಸ್‌ಗೆ ಗೌರವವಾಗಿ ಕಾಣುವುದಿಲ್ಲ, ಭಯವಾಗಿ ಕಾಣುತ್ತದೆ. ಹೊರಗಿನಿಂದ ಕಾಣುವ, ಆದರೆ ಮಾತು ಕೇಳಿಸದ ಜಾಗ ನೋಡಿಕೊಳ್ಳಿ. ಬೇಕಾದರೆ ಜೊತೆಗೊಬ್ಬರನ್ನು ಕರೆತರಬಹುದು ಎಂದು ನೀವಾಗಿಯೇ ಹೇಳಿ.

ಈಗ ಪ್ರಾರ್ಥನೆಯ ವಿಷಯ. ಅಲ್ಲಿ ಬೈದರೆ ಬೈಸಿಕೊಂಡವರು ಉತ್ತರ ಕೊಡುವಂತಿಲ್ಲ. ಎದ್ದು ಹೋದರೆ ದೇವರಿಗೇ ಬೆನ್ನು ತಿರುಗಿಸಿದಂತೆ. ಅಂದು ಡ್ಯೂಟಿಯಲ್ಲಿ ಇಲ್ಲದವರಿಗೆ ವಿಷಯ ಗಾಳಿಮಾತಾಗಿ ತಲುಪುತ್ತದೆ. ಕೆಲವೇ ವಾರಗಳಲ್ಲಿ ಜನ ಪ್ರಾರ್ಥನೆಗೆ ಬರುವುದನ್ನೇ ತಪ್ಪಿಸುತ್ತಾರೆ. ಆಗ 'ಸಿಬ್ಬಂದಿಯಲ್ಲಿ ಭಕ್ತಿ ಕಡಿಮೆಯಾಗಿದೆ' ಎಂದು ಇನ್ನೊಂದು ಸಭೆ!

---

ಕಡತ_ಕಪಾಟು

ನೈಟ್_ರೌಂಡ್ಸ್ ವಿಂಗಡಣೆ ಸರಿಯಾಗಿದೆ, ಆದರೆ ಮೂರನೆಯ ಗುಂಪೊಂದಿದೆ. ಅದು ಮತ್ತಾಯ 18ರ ಕೆಳಗೆ ಬರಲೇಬಾರದು. ಕ್ರೈಸ್ತ ಸಂಸ್ಥೆಗಳಲ್ಲಿ ಅತಿ ಹೆಚ್ಚು ಹಾನಿಯಾಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ.

ಲೈಂಗಿಕ ಕಿರುಕುಳದ ದೂರು ಬಂದರೆ 'ಮೊದಲು ಅವರೊಂದಿಗೆ ನೀವೇ ಒಬ್ಬರೇ ಹೋಗಿ ಮಾತಾಡಿ' ಎಂದು ಹೇಳುವುದು ಕ್ರೂರ. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಅಧ್ಯಕ್ಷೆ ಹಿರಿಯ ಹುದ್ದೆಯ ಮಹಿಳೆಯಾಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರಿರಬೇಕು, ಹೊರಗಿನ ಒಬ್ಬ ಸದಸ್ಯರಿರಬೇಕು. ಸಮಿತಿ ರಚಿಸದಿದ್ದರೆ 50,000 ರೂಪಾಯಿವರೆಗೆ ದಂಡ. ಘಟನೆಯಾದ 3 ತಿಂಗಳೊಳಗೆ ಲಿಖಿತ ದೂರು. ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ಕೊಡಬಹುದು. ಬರೆಯಲು ಬಾರದವರಿಗೆ ಬರೆದುಕೊಡುವ ನೆರವನ್ನು ಸಮಿತಿಯೇ ನೀಡಬೇಕು. ನಿಮ್ಮ ಆಯಾಗಳಿಗೆ ಈ ಮಾತು ಕನ್ನಡದಲ್ಲೇ ತಲುಪಿರಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ದೂರು ಮಾಲೀಕರ ಮೇಲೆಯೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ.

ರಾಜಿಗೆ ಅವಕಾಶ ಇದೆ, ಆದರೆ ವಿಚಾರಣೆ ಶುರುವಾಗುವ ಮೊದಲು, ಆ ಮಹಿಳೆ ತಾನಾಗಿ ಕೇಳಿದರೆ ಮಾತ್ರ. ಹಣ ಕೊಟ್ಟು ಮುಗಿಸುವಂತಿಲ್ಲ. 'ಕ್ಷಮಿಸಿಬಿಡಿ, ಏಳೆಪ್ಪತ್ತು ಸಲ ಕ್ಷಮಿಸಬೇಕೆಂದು ಕರ್ತನೇ ಹೇಳಿದ್ದಾನೆ' ಎಂದು ಪಾದ್ರಿಯವರನ್ನೋ ಹಿರಿಯರನ್ನೋ ಮನೆಗೆ ಕಳಿಸಿದರೆ ಅದು ರಾಜಿಯಲ್ಲ, ಒತ್ತಡ.

ಮಕ್ಕಳ ವಾರ್ಡ್ ಇದ್ದರೆ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ನೆನಪಿರಲಿ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದವರು ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ ಶಿಕ್ಷೆ. ಸಂಸ್ಥೆಯ ಹೊಣೆ ಹೊತ್ತವರು ಕೈಕೆಳಗಿನವರ ಅಪರಾಧವನ್ನು ವರದಿ ಮಾಡದಿದ್ದರೆ ಒಂದು ವರ್ಷದವರೆಗೆ. 'ಮೊದಲು ಮಂಡಳಿ ಸಭೆಯಲ್ಲಿ ಇಡೋಣ' ಎಂಬುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ.

ಔಷಧಿ ಕಳವು, ಹಣ, ದಾಖಲೆ ತಿದ್ದಿದ್ದು: ಇವು ಲಿಖಿತ ಕ್ರಮಕ್ಕೆ ಸೇರಿದವು. ಆರೋಪ ಬರೆದು ಕಾರಣ ಕೇಳುವ ನೋಟಿಸ್ ಕೊಡಿ, ಉತ್ತರಕ್ಕೆ ಸಮಯ ಕೊಡಿ, ವಿಚಾರಣೆ ಆಮೇಲೆ. ಇದಕ್ಕೆ ಸತ್ಯವೇದದ ಆಧಾರ ಕೇಳುವ ಮಂಡಳಿಗೆ ಧರ್ಮೋಪದೇಶಕಾಂಡ 19:15 ತೋರಿಸಿ, ಒಬ್ಬನ ಸಾಕ್ಷಿಯಿಂದ ಯಾರನ್ನೂ ಅಪರಾಧಿಯೆಂದು ನಿರ್ಣಯಿಸಬಾರದು. ಮತ್ತಾಯ 18:16 ಎತ್ತಿಕೊಂಡಿರುವುದೂ ಆ ನಿಯಮವನ್ನೇ. ಹಿರಿಯರ ಮೇಲಿನ ದೂರಿನ ಬಗ್ಗೆ 1 ತಿಮೊಥೆ 5:19–21 ಇದೆ. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ದೂರು ಒಪ್ಪಬೇಡ ಎನ್ನುವ 19ನೇ ವಾಕ್ಯವನ್ನು ಎಲ್ಲರೂ ಓದುತ್ತಾರೆ. 'ಪಕ್ಷಪಾತ ಬೇಡ' ಎನ್ನುವ 21ಕ್ಕೆ ಬರುವಷ್ಟರಲ್ಲಿ ಸಭೆ ಮುಗಿದಿರುತ್ತದೆ.

---

ಸಭಾಪಾಲಕ_ಹಾಸನ

ಇಬ್ಬರ ಮಾತಿಗೂ ನನ್ನ ಒಪ್ಪಿಗೆ. ಆದರೆ ಮತ್ತಾಯ 18 ಅನ್ನು ಬರೀ ಶಿಸ್ತು ಕ್ರಮದ ಮೆಟ್ಟಿಲು ಮಾಡಿಬಿಟ್ಟರೆ ಆ ಅಧ್ಯಾಯಕ್ಕೆ ಅನ್ಯಾಯ. ಅದಕ್ಕೆ ಸ್ವಲ್ಪ ಮುಂಚೆ ಇರುವುದು ತಪ್ಪಿಹೋದ ಒಂದು ಕುರಿಯ ಸಾಮ್ಯ, ಆಮೇಲೆ ಬರುವುದು ಪೇತ್ರನ ಕ್ಷಮೆಯ ಪ್ರಶ್ನೆ. 15ನೇ ವಾಕ್ಯದ ಗುರಿ ಸಹೋದರನನ್ನು ಗೆಲ್ಲುವುದು, ವಾದವನ್ನಲ್ಲ. ಫೈಲಿಗೆ ಕಾಗದ ಸೇರಿಸಲೆಂದೇ ಮೊದಲ ಹೆಜ್ಜೆ ಇಟ್ಟರೆ ಎದುರಿನವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಗುಟ್ಟಾಗಿ ಹೇಳುವುದೋ ಬಹಿರಂಗವಾಗಿಯೋ ಎಂಬುದಕ್ಕೆ ಒಂದೇ ನಿಯಮ ಸತ್ಯವೇದದಲ್ಲಿ ಇಲ್ಲ. ಬೋಧಕ ಅಪೊಲ್ಲೋಸನಿಗೆ ಇದ್ದದ್ದು ತಿಳಿವಳಿಕೆಯ ಕೊರತೆ. ಅಕ್ವಿಲ, ಪ್ರಿಸ್ಕಿಲ್ಲರು ಅವನನ್ನು ಬೇರೆ ಕರೆದು ವಿವರಿಸಿದರು (ಅಪೊಸ್ತಲರ ಕೃತ್ಯಗಳು 18:26). ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಜೊತೆಗಿನ ಊಟ ಬಿಟ್ಟದ್ದು ಎಲ್ಲರ ಕಣ್ಣೆದುರು, ಬಾರ್ನಬನೂ ಅವನ ಹಿಂದೆ ಹೋದ. ಪೌಲ ಎಲ್ಲರ ಮುಂದೆಯೇ ಮಾತಾಡಿದ (ಗಲಾತ್ಯ 2:11–14). ಪೇತ್ರ ಹಿರಿಯ ಎಂಬುದನ್ನೂ ಗಮನಿಸಿ. ನಿಮ್ಮ ವಾರ್ಡ್‌ನಲ್ಲಿ ಇದರ ಅರ್ಥ: ಹೊಸಬರ ತಪ್ಪು ಮರೆಯಲ್ಲಿ, ಹಿರಿಯ ಡಾಕ್ಟರರು ಎಲ್ಲರೆದುರು ಆಯಾಳನ್ನು ಅವಮಾನಿಸಿದರೆ ಅದಕ್ಕೆ ತಡೆ ಅಲ್ಲೇ, ಆಗಲೇ. ಕೂಗಾಡಬೇಕಿಲ್ಲ. 'ಡಾಕ್ಟರ್, ಈ ವಿಷಯ ನನ್ನ ಕೋಣೆಯಲ್ಲಿ ಮಾತಾಡೋಣ, ಅವರು ಕೆಲಸಕ್ಕೆ ಹೋಗಲಿ' ಎಂದರೆ ಸಾಕು. ನಮ್ಮಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ ನಡೆಯುತ್ತದೆ. ಆಯಾಗೆ ಕಾರಿಡಾರಿನಲ್ಲಿ ಬೈಗುಳ, ಡಾಕ್ಟರಿಗೆ ಕಾಫಿ ಕೊಟ್ಟು ವಿನಂತಿ.

ಪ್ರಾರ್ಥನೆಯ ಬಗ್ಗೆ ಇನ್ನೆರಡು ಅಪಾಯ. ನಿಮ್ಮ ಬಳಿ ಒಬ್ಬರು ಹೇಳಿಕೊಂಡ ಮನೆಯ ಕಷ್ಟ ಮರುದಿನ 'ಪ್ರಾರ್ಥನಾ ವಿಷಯ' ಆಗಬಾರದು. ಹೆಸರು ಬಿಟ್ಟು ಹೇಳಿದರೂ 45 ಜನರಲ್ಲಿ ಎಲ್ಲರಿಗೂ ತಿಳಿಯುತ್ತದೆ. ಅವರನ್ನೇ ಕೇಳಿ, ಬೇಡವೆಂದರೆ ಬೇಡ. ಇನ್ನೊಂದು, ರಜೆ ಕೇಳಿದವರಿಗೆ 'ಪ್ರಾರ್ಥನೆ ಮಾಡೋಣ' ಎನ್ನುವುದು. ಅದು ಉತ್ತರವಲ್ಲ. ಹೌದೋ ಅಲ್ಲವೋ, ಎಂದಿನೊಳಗೆ ತಿಳಿಸುತ್ತೀರಿ, ಅಷ್ಟು ಹೇಳಿ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂಬ ಮತ್ತಾಯ 5:37 ರಜೆ ಅರ್ಜಿಗೂ ಅನ್ವಯಿಸುತ್ತದೆ.

ಅಂದಹಾಗೆ, ಮೇಲಿನವರು ಆಜ್ಞಾಪಿಸದೆ ವಿನಂತಿಸುವುದಕ್ಕೆ ಫಿಲೆಮೋನನ ಪತ್ರಿಕೆ ಒಳ್ಳೆಯ ಮಾದರಿ. ಬರೀ 25 ವಾಕ್ಯ. ಆಜ್ಞಾಪಿಸುವ ಅಧಿಕಾರವಿದ್ದರೂ ಪ್ರೀತಿಯಿಂದ ಬೇಡಿಕೊಳ್ಳುತ್ತೇನೆ ಎನ್ನುತ್ತಾನೆ ಪೌಲ.

---

ಕಡತ_ಕಪಾಟು

ಸಭಾಪಾಲಕರೇ, ಫಿಲೆಮೋನನ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಆ ಪತ್ರ ಅಪ್ಫಿಯಳಿಗೂ ಅರ್ಖಿಪ್ಪನಿಗೂ ಫಿಲೆಮೋನನ ಮನೆಯಲ್ಲಿ ಕೂಡುವ ಸಭೆಗೂ ಬರೆದದ್ದು (ವಾಕ್ಯ 2). ವಿನಂತಿ ಮೃದುವಾಗಿದೆ, ಆದರೆ ಅದನ್ನು ಕೇಳಿಸಿಕೊಳ್ಳುವವರು ಹಲವರು. ಫಿಲೆಮೋನನ ದಾಸ ಒನೇಸಿಮನಿಂದ ಏನಾದರೂ ನಷ್ಟವಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆದುಕೊಟ್ಟಿದ್ದಾನೆ (18–19). ಮೇಲ್ವಿಚಾರಕರ ವಿನಂತಿಯಲ್ಲಿ ಸಾಮಾನ್ಯವಾಗಿ ಇರದಿರುವುದು ಇದೇ. 'ದಯವಿಟ್ಟು ಈ ಭಾನುವಾರ ಡಬಲ್ ಡ್ಯೂಟಿ ಮಾಡಿ' ಎನ್ನುವವರು ಬದಲಿ ರಜೆಯ ತಾರೀಖನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಇಲ್ಲವಾದರೆ ಅದು ವಿನಂತಿಯ ವೇಷ ಹಾಕಿದ ಆಜ್ಞೆ.

---

ಮಲೆನಾಡ_ಸಿಸ್ಟರ್

ತುಂಬಾ ಉಪಕಾರ. ಆಂತರಿಕ ಸಮಿತಿಯ ಹೆಸರುಗಳ ಬೋರ್ಡ್ ಇದೆಯೇ ಎಂದು ಮೊದಲು ನೋಡುತ್ತೇನೆ. ಎರಡನೆಯ ಪ್ರಶ್ನೆ ಉಳಿದಿದೆ. 8 ಗಂಟೆಯ ಮೂರು ಶಿಫ್ಟ್ ಬಿಟ್ಟು 12 ಗಂಟೆಯ ಎರಡು ಶಿಫ್ಟ್ ಮಾಡುವ ಯೋಚನೆ ಮಂಡಳಿಗೆ ಇದೆ. ಇನ್ನೂ ನಿರ್ಧಾರ ಆಗಿಲ್ಲ, ಗುಸುಗುಸು ಶುರುವಾಗಿದೆ. 'ಮಲಯಾಳಿ ನರ್ಸ್‌ಗಳಿಗೆ ಅನುಕೂಲವಾಗಲೆಂದು ಮಾಡುತ್ತಿದ್ದಾರೆ' ಎಂದು ಆಯಾಗಳು ಹೇಳುತ್ತಿದ್ದಾರಂತೆ.

---

ನೈಟ್_ರೌಂಡ್ಸ್

ಗುಸುಗುಸು ಎದ್ದಾಗ ಏನು ಮಾಡಬೇಕೆಂಬುದಕ್ಕೆ ಅಪೊಸ್ತಲರ ಕೃತ್ಯಗಳು 6 ನಿಮ್ಮ ವಾರ್ಡಿಗೇ ಬರೆದಂತಿದೆ. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯ ಎಂಬ ದೂರು. ಅಪೊಸ್ತಲರು 'ಗೊಣಗಬೇಡಿ' ಎನ್ನಲಿಲ್ಲ. ಎಲ್ಲರನ್ನೂ ಕರೆದು ವಿಷಯ ಮುಂದಿಟ್ಟರು, ಆರಿಸುವ ಕೆಲಸವನ್ನು ಅವರಿಗೇ ಬಿಟ್ಟರು. ಆರಿಸಿದ ಏಳು ಮಂದಿಯ ಹೆಸರುಗಳೂ ಗ್ರೀಕ್. ನಿರ್ಧಾರ ಇನ್ನೂ ಆಗಿಲ್ಲದಿರುವುದು ನಿಮ್ಮ ಅದೃಷ್ಟ. ಆಯಾಗಳಿಂದ ಇಬ್ಬರು, ನರ್ಸ್‌ಗಳಿಂದ ಇಬ್ಬರು, ಅವರವರೇ ಆರಿಸಿದವರು, ಕರಡು ಪಟ್ಟಿಯನ್ನು ನೋಡಲಿ. ರಾತ್ರಿ 8ಕ್ಕೆ ಡ್ಯೂಟಿ ಬಿಟ್ಟರೆ ಹಳ್ಳಿಗೆ ಕೊನೆಯ ಬಸ್ಸು ಸಿಗುತ್ತದೆಯೇ ಎಂಬುದು ಹಾಸ್ಟೆಲ್‌ನಲ್ಲಿರುವವರಿಗೆ ಹೊಳೆಯುವುದಿಲ್ಲ. ಆದರೆ ಮಂಡಳಿ ಒಳಗೊಳಗೇ ನಿರ್ಧರಿಸಿ ಮುಗಿಸಿದ್ದರೆ ಅಭಿಪ್ರಾಯ ಕೇಳುವ ನಾಟಕ ಆಡಬೇಡಿ. ಕೇಳಿಯೂ ಕೇಳದಂತೆ ಮಾಡುವುದು ಕೇಳದೆ ಇರುವುದಕ್ಕಿಂತ ಹೆಚ್ಚು ಕಹಿ ಬಿಡುತ್ತದೆ.

ನಿರ್ಧಾರವಾದ ಮೇಲೆ ಸುತ್ತೋಲೆ. ಅಪೊಸ್ತಲರು, ಹಿರಿಯರು ಅನ್ಯಜನ ವಿಶ್ವಾಸಿಗಳಿಗೆ ಬರೆದ ಪತ್ರವನ್ನು ಅಪೊಸ್ತಲರ ಕೃತ್ಯಗಳು 15:23–29ರಲ್ಲಿ ನೋಡಿ. ಯಾರು ಬರೆದರು, ಯಾರಿಗೆ, ಎಂಬುದು ಮೊದಲ ಸಾಲಿನಲ್ಲೇ. ಹಬ್ಬಿದ ಮಾತು ತಮ್ಮ ಅಪ್ಪಣೆಯಿಂದ ಬಂದದ್ದಲ್ಲ ಎಂದು ನೇರವಾಗಿ ಹೇಳಿದ್ದಾರೆ. ಪಾಲಿಸಬೇಕಾದದ್ದು ನಾಲ್ಕೇ ಅಂಶ. ಪತ್ರದ ಜೊತೆಗೆ ಬಾಯಿಮಾತಿನಲ್ಲಿ ವಿವರಿಸಲು ಯೂದ, ಸೀಲರನ್ನು ಕಳಿಸಿದರು. ಬರಹವೂ ಬೇಕು, ಮನುಷ್ಯನೂ ಬೇಕು.

ನಿಮ್ಮದು ಒಂದು ಪುಟ ಮೀರದಿರಲಿ, ಕನ್ನಡದಲ್ಲೂ ಇರಲಿ. ಏನು ಬದಲಾಗುತ್ತದೆ, ಯಾವ ತಾರೀಖಿನಿಂದ, ಏಕೆ, ಏನು ಬದಲಾಗುವುದಿಲ್ಲ (ಸಂಬಳ, ವಾರದ ರಜೆ), ತೊಂದರೆ ಇದ್ದವರು ಯಾರನ್ನು ಎಂದಿನೊಳಗೆ ಕಾಣಬೇಕು. ಜಾರಿಗೆ ಕನಿಷ್ಠ ಎರಡು ವಾರ ಮುಂಚೆ ಕೊಡಿ. ಮೂರು ಶಿಫ್ಟ್‌ನ ಹ್ಯಾಂಡೋವರ್‌ನಲ್ಲೂ ನೀವೇ ಹೋಗಿ ಹೇಳಿ. ನೈಟ್ ಆಫ್, ರಜೆಯಲ್ಲಿರುವವರ ಪಟ್ಟಿ ಮಾಡಿ ಒಬ್ಬೊಬ್ಬರಿಗೂ ತಲುಪಿದ್ದನ್ನು ಗುರುತು ಹಾಕಿಕೊಳ್ಳಿ. ವಾಟ್ಸಾಪ್ ಗುಂಪಿನಲ್ಲಿ ಸುತ್ತೋಲೆಯ ಫೋಟೊ ಮಾತ್ರ, ಚರ್ಚೆ ಬೇಡ, ಯಾರನ್ನೂ ತಿದ್ದುವುದಂತೂ ಬೇಡವೇ ಬೇಡ. ಬೆಳಗಿನ ಐದಕ್ಕೆ ವಚನ ಕಳಿಸುವ ಅಭ್ಯಾಸವಿದ್ದರೆ ಜ್ಞಾನೋಕ್ತಿ 27:14 ಓದಿಕೊಳ್ಳಿ. ಮುಂಜಾನೆ ಎದ್ದು ಗಟ್ಟಿಯಾಗಿ ಹರಸಿದರೂ ಅದು ಶಾಪವೆಂದೇ ಎಣಿಕೆಯಾಗುತ್ತದಂತೆ.

---

ಐಸಿಯು_ಕನ್ನಡಿಗ

ತಡವಾಗಿ ಬಂದೆ. 12 ಗಂಟೆ ಶಿಫ್ಟ್ ಬಂದರೆ ಹ್ಯಾಂಡೋವರ್ ದಿನಕ್ಕೆ ಎರಡೇ. ಒಂದು ಸಲ ತಪ್ಪಿಹೋದ ಮಾಹಿತಿ 12 ಗಂಟೆ ಯಾರಿಗೂ ಕಾಣದೆ ಉಳಿಯುತ್ತದೆ. ಕಹಳೆ ಅಸ್ಪಷ್ಟವಾಗಿ ಊದಿದರೆ ಯುದ್ಧಕ್ಕೆ ಯಾರು ಸಿದ್ಧರಾಗುತ್ತಾರೆ ಎಂದು 1 ಕೊರಿಂಥ 14:8 ಕೇಳುತ್ತದೆ. ಆದ್ದರಿಂದ ಪಟ್ಟಿ ಬದಲಿಸುವ ಮೊದಲು ಹ್ಯಾಂಡೋವರ್ ಕ್ರಮವನ್ನು ಗಟ್ಟಿ ಮಾಡಿ. ಹಾಸಿಗೆಯ ಪಕ್ಕದಲ್ಲೇ ನಿಂತು ಈ ಕ್ರಮದಲ್ಲಿ: ಈಗಿನ ಸ್ಥಿತಿ, ಹಿನ್ನೆಲೆ, ನನಗೆ ಕಂಡದ್ದು, ಮುಂದೆ ಆಗಬೇಕಾದ್ದು. ಎಸ್‌ಬಾರ್ ಎಂದು ಕಲಿಸುವುದು ಇದನ್ನೇ. ಡಾಕ್ಟರ್ ಫೋನಿನಲ್ಲಿ ಹೇಳಿದ ಆರ್ಡರನ್ನು ಮೊದಲು ಬರೆದುಕೊಳ್ಳಬೇಕು, ಬರೆದದ್ದನ್ನು ಅವರಿಗೇ ಓದಿ ಹೇಳಬೇಕು, ಅವರು 'ಸರಿ' ಎಂದ ಮೇಲೆಯೇ ಔಷಧಿ. ಡೋಸ್ ಹೇಳುವಾಗ 'ಫಿಫ್ಟೀನ್', 'ಫಿಫ್ಟಿ' ಕಿವಿಗೆ ಒಂದೇ ಥರ. 'ಒನ್-ಫೈವ್', 'ಫೈವ್-ಝೀರೋ' ಎಂದು ಅಂಕಿ ಬಿಡಿಸಿ ಹೇಳುವ ರೂಢಿ ಮಾಡಿಸಿ. ಹೊಸ ನರ್ಸ್ ಹಿರಿಯ ಡಾಕ್ಟರಿಗೆ 'ಇನ್ನೊಮ್ಮೆ ಹೇಳಿ' ಎನ್ನಲು ಹೆದರುತ್ತಾಳೆ. ಅದನ್ನು ಮೊದಲು ನೀವು ಎಲ್ಲರೆದುರು ಮಾಡಿ ತೋರಿಸಬೇಕು.

ಭಾಷೆ: ರೋಗಿಯ ಬಳಿ, ಆಯಾ ಇರುವಾಗ, ಎಲ್ಲರಿಗೂ ತಿಳಿಯುವ ಭಾಷೆಯಲ್ಲೇ ಹ್ಯಾಂಡೋವರ್. ಇದು ನಿಯಮವಾಗಿ ಬರೆದಿರಲಿ, ಮೇಲಿನವರಿಗೂ ಅನ್ವಯಿಸಲಿ. ಆಯಾಗೆ ಅರ್ಥವಾಗದ ಮಾತಿನಲ್ಲಿ ಇಬ್ಬರು ನಕ್ಕರೆ, ನಕ್ಕದ್ದು ತನ್ನನ್ನೇ ನೋಡಿ ಎಂದು ಆಕೆ ಅಂದುಕೊಳ್ಳುವುದು ಸಹಜ.

ಇನ್ನೊಂದು, ಎಫೆಸ 4:26 ಹಿಡಿದುಕೊಂಡು 'ಸೂರ್ಯ ಮುಳುಗುವ ಮೊದಲು ಮಾತಾಡಿ ಮುಗಿಸಬೇಕು' ಎಂದು ನೈಟ್ ಡ್ಯೂಟಿ ಮುಗಿಸಿದವರನ್ನು ಬೆಳಿಗ್ಗೆ ಎಂಟೂವರೆಗೆ ಕೂರಿಸಬೇಡಿ. ಆ ವಾಕ್ಯ ನಿಮ್ಮ ಕೋಪದ ಬಗ್ಗೆ, ಅವರ ನಿದ್ದೆಯ ಬಗ್ಗೆ ಅಲ್ಲ. ರೋಗಿಗೆ ಸಂಬಂಧಿಸಿದ್ದನ್ನು ಮಾತ್ರ ಎರಡು ನಿಮಿಷ ಕೇಳಿ ಮನೆಗೆ ಕಳಿಸಿ. ಉಳಿದದ್ದು ಮುಂದಿನ ಡ್ಯೂಟಿಯ ಆರಂಭದಲ್ಲಿ. ನಡುವೆ ಅವರಿಗೆ ದಿಗಿಲಾಗದಂತೆ ಯಾವ ವಿಷಯ ಎಂದು ಮೊದಲೇ ಹೇಳಿ. 'ನಾಳೆ ಬಂದು ನನ್ನನ್ನು ನೋಡಿ' ಎಂದಷ್ಟೇ ಹೇಳಿ ಕಳಿಸಿದರೆ ಅವರು ಆ ಹಗಲು ನಿದ್ದೆ ಮಾಡುವುದಿಲ್ಲ, ರಾತ್ರಿ ಮತ್ತೆ ಔಷಧಿ ಕೊಡುವವರು ಅವರೇ.